ಒಂದೇ ಕೋಡ್, ಮೂರು ಡಬ್ಬಿ

ಕಳೆದ ವರ್ಷ ಒಂದು ಸೋಮವಾರ ಆಫೀಸಿಗೆ ಬಂದು ಇನ್ನೂ ಬ್ಯಾಗ್ ಕೆಳಗಿಟ್ಟಿರಲಿಲ್ಲ, ಸಪೋರ್ಟ್ ಟೀಮಿನಿಂದ ಫೋನ್. ನಾವು ಸಾಫ್ಟ್‌ವೇರ್ ಮಾಡಿಕೊಟ್ಟಿದ್ದ ಲ್ಯಾಬ್ ಒಂದಕ್ಕೆ ವಯಸ್ಸಾದವರೊಬ್ಬರು ಬಂದು ಕೂತಿದ್ದಾರಂತೆ. ರಕ್ತಪರೀಕ್ಷೆ ರಿಪೋರ್ಟ್ ರೆಡಿಯಾಗಿ ನಾಲ್ಕು ದಿನವಾಗಿದೆ, ಶುಗರ್ ತುಂಬಾ ಜಾಸ್ತಿ ಇದೆ, ಆದರೆ ಅವರಿಗೆ ಮೆಸೇಜೇ ಹೋಗಿಲ್ಲ. ಎರಡು ಬಸ್ ಬದಲಾಯಿಸಿ ಕೇಳೋಕೆ ಬಂದಿದ್ದಾರೆ. "ಖಾಲಿ ಹೊಟ್ಟೇಲಿ ಬನ್ನಿ ಅಂತ ಮೆಸೇಜ್ ಬಂದಿತ್ತಲ್ಲಮ್ಮ, ಇದ್ಯಾಕೆ ಬರಲಿಲ್ಲ?" ಅಂತ ಕೌಂಟರಿನ ಹುಡುಗಿಯನ್ನು ಕೇಳಿದರಂತೆ.

ಸರಿಯಾದ ಪ್ರಶ್ನೆ. ಅದೇ ಫೋನು, ಅದೇ ನಂಬರು. ಒಂದು ಮೆಸೇಜ್ ಹೋಗಿದೆ, ಇನ್ನೊಂದು ಹೋಗಿಲ್ಲ.

ಹುಡುಕಿದರೆ ಸಿಕ್ಕಿದ್ದು ನನ್ನದೇ ಕೈಕೆಲಸ. ಆ ಅಪ್ಲಿಕೇಶನ್‌ನಲ್ಲಿ ನೋಂದಣಿ, ರಿಮೈಂಡರ್, ರಿಪೋರ್ಟ್ ಅಂತ ಮೂರು ಮಾಡ್ಯೂಲ್. ಮೂರೂ ಬೇರೆ ಬೇರೆ ವಾರ್ ಫೈಲ್. ಅಂದರೆ ಪ್ರತಿಯೊಂದೂ ತನಗೆ ಬೇಕಾದ ಸಾಮಾನು ತಾನೇ ಕಟ್ಟಿಕೊಂಡು ಸರ್ವರ್‌ಗೆ ಹೋಗುವ ಗಂಟು. ಮೊಬೈಲ್ ನಂಬರ್ ಸರಿಮಾಡುವ ಇಪ್ಪತ್ತು ಸಾಲಿನ ಕೋಡನ್ನು ನಾನೇ ಮೂರಕ್ಕೂ ಕಾಪಿ-ಪೇಸ್ಟ್ ಮಾಡಿದ್ದೆ. ಆಮೇಲೊಂದು ದಿನ, ಕೆಲವರು ನಂಬರಿನ ಹಿಂದೆ ಸೊನ್ನೆ ಸೇರಿಸಿ ಬರೆಸ್ತಾರೆ ಅಂತ ಗೊತ್ತಾಯ್ತು. ರಿಮೈಂಡರ್‌ನಲ್ಲಿ ಸೊನ್ನೆ ತೆಗೆಯೋ ಹಾಗೆ ಮಾಡಿದೆ. ರಿಪೋರ್ಟ್‌ನಲ್ಲಿ ಮರೆತೆ. ಅದು ಹನ್ನೊಂದು ಅಂಕಿ ನೋಡಿ "ತಪ್ಪು ನಂಬರ್" ಅಂತ ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ಮನಾಗಿತ್ತು.

ಮೀಟಿಂಗಿನಲ್ಲಿ ಬೆರಳು ತಿರುಗಿದ್ದು ರಿಪೋರ್ಟ್ ಮಾಡ್ಯೂಲ್ ನೋಡಿಕೊಳ್ತಿದ್ದ ಹುಡುಗನ ಕಡೆ. ಅವನು ಸೇರಿ ಮೂರೇ ತಿಂಗಳು. "ಅದು ನಾನು ಕಾಪಿ ಮಾಡಿದ ಕೋಡ್" ಅಂತ ಹೇಳೋಕೆ ನನಗೆ ಅರ್ಧ ನಿಮಿಷ ಬೇಕಾಯ್ತು. ಆ ಅರ್ಧ ನಿಮಿಷ ಈಗಲೂ ಚುಚ್ಚುತ್ತೆ.

ಮರುದಿನವೇ ಆ ಕೋಡನ್ನು ಒಂದು ಜಾರ್ ಫೈಲ್ ಮಾಡಿದೆ. ನಮ್ಮ ಮೂರೂ ವಾರ್ ಒಂದೇ ಇಯರ್ ಫೈಲಿನೊಳಗೆ ಇದ್ದವು. ಒಂದು ವಾರ್‌ನೊಳಗಿನ ಕ್ಲಾಸ್ ಇನ್ನೊಂದಕ್ಕೆ ಕಾಣಲ್ಲ. ಆದರೆ ಇಯರ್‌ನ ಲಿಬ್ ಫೋಲ್ಡರಿನಲ್ಲಿಟ್ಟ ಜಾರ್ ಎಲ್ಲಕ್ಕೂ ಕಾಣುತ್ತೆ. ಅಲ್ಲಿಟ್ಟೆ. "ಇರಲಿ, ಸೇಫ್ಟಿಗೆ" ಅಂತ ರಿಪೋರ್ಟ್ ವಾರ್‌ನೊಳಗೂ ಒಂದು ಪ್ರತಿ ಬಿಟ್ಟೆ.

ಆ ಸೇಫ್ಟಿಯೇ ಮುಳುವಾಯ್ತು. ಟೆಸ್ಟ್ ಮಾಡುವಾಗ ವಿಚಿತ್ರ ಎರರ್: ಫೋನ್‌ನಂಬರ್ ಕ್ಲಾಸನ್ನು ಫೋನ್‌ನಂಬರ್ ಕ್ಲಾಸ್ ಆಗಿ ಬದಲಿಸಲಾಗದು! ಅದನ್ನೇ ಅದಾಗಿ ಬದಲಿಸೋಕೆ ಆಗಲ್ಲ ಅಂದರೇನು? ಜಾವಾದಲ್ಲಿ ಒಂದು ಕ್ಲಾಸಿನ ಗುರುತು ಬರೀ ಹೆಸರಲ್ಲ, ಅದನ್ನು ಲೋಡ್ ಮಾಡಿದ ಕ್ಲಾಸ್‌ಲೋಡರ್ ಕೂಡ ಸೇರುತ್ತೆ. ಒಂದೇ ಊರಲ್ಲಿ ಇಬ್ಬರು ಮಂಜುನಾಥರಿದ್ದರೆ "ಯಾರ ಮನೆ ಮಂಜುನಾಥ?" ಅಂತ ಕೇಳ್ತೀವಲ್ಲ, ಹಾಗೆ. ಎರಡನೇ ಪ್ರತಿ ಅಳಿಸಿದೆ, ಸರಿಹೋಯ್ತು. ಹಂಚಿಕೊಳ್ಳೋದಾದರೆ ಒಂದೇ ಜಾಗದಲ್ಲಿ ಇಡಬೇಕು.

ಈಗ ಬಹಳಷ್ಟು ಕಡೆ ಪ್ರತಿ ಸರ್ವಿಸೂ ತನ್ನದೇ ಕಂಟೇನರ್‌ನಲ್ಲಿ ಓಡುತ್ತೆ, ಸಾಮಾನ್ಯ ಫೋಲ್ಡರ್ ಅನ್ನೋದೇ ಇಲ್ಲ. ಅಲ್ಲಿ ಹಂಚುವ ಕೋಡಿಗೆ ವರ್ಷನ್ ನಂಬರ್ ಕೊಟ್ಟು ಕಂಪನಿಯ ಒಳಗಿನ ಮಾವೆನ್ ಅಥವಾ ಎನ್‌ಪಿಎಂ ರೆಪಾಸಿಟರಿಯಲ್ಲಿ ಇಡ್ತಾರೆ. ಯಾವ ಸರ್ವಿಸ್ ಯಾವ ವರ್ಷನ್ ಬಳಸ್ತಿದೆ ಅಂತ ಬಿಲ್ಡ್ ಫೈಲ್ ನೋಡಿದರೆ ಗೊತ್ತಾಗುತ್ತೆ. ಇದು ಸಣ್ಣ ವಿಷಯ ಅನಿಸಬಹುದು. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಅನ್ನೋ ಲೈಬ್ರರಿಯಲ್ಲಿ ದೊಡ್ಡ ರಂಧ್ರ ಪತ್ತೆಯಾದಾಗ, ಸರಿಮಾಡಿದ ವರ್ಷನ್ ಬೇಗನೇ ಬಂತು. ಆದರೆ "ನಮ್ಮಲ್ಲಿ ಅದು ಎಲ್ಲೆಲ್ಲಿ ಅಡಗಿದೆ?" ಅಂತ ಒಂದೊಂದೇ ಗಂಟು ಬಿಚ್ಚಿ ನೋಡೋದರಲ್ಲೇ ಎಷ್ಟೋ ಟೀಮುಗಳು ನಿದ್ದೆಗೆಟ್ಟವು.

ಹಾಗಂತ ಕಂಡಿದ್ದನ್ನೆಲ್ಲ ಹಂಚಬಾರದು. ನಂಬರ್, ದಿನಾಂಕ ಸರಿಮಾಡುವಂಥ ಕೋಡ್ ಎಲ್ಲರಿಗೂ ಒಂದೇ, ಅಪರೂಪಕ್ಕೆ ಬದಲಾಗುತ್ತೆ, ಹಂಚಿ. ರಿಪೋರ್ಟನ್ನು ಯಾರಿಗೆ ಯಾವಾಗ ಕಳಿಸಬೇಕು ಅನ್ನೋದು ಒಂದೇ ಮಾಡ್ಯೂಲಿನ ನಿಯಮ, ಅದು ಅಲ್ಲೇ ಇರಲಿ. ಇವತ್ತು ಒಂದೇ ಥರ ಕಾಣುವ ಎರಡು ನಿಯಮಗಳನ್ನು ಒಂದು ಮಾಡಿದರೆ, ನಾಳೆ ಒಬ್ಬರಿಗೋಸ್ಕರ ಬದಲಿಸಿದ್ದು ಇನ್ನೊಬ್ಬರ ಮನೆ ಕೆಡಿಸುತ್ತೆ. ಹಂಚಿದ ಕೋಡಿಗೆ ಒಬ್ಬ ಯಜಮಾನ ಬೇಕು, ಟೆಸ್ಟ್ ಬೇಕು. ನಮ್ಮ ಜಾರ್‌ನ ಮೊದಲ ಟೆಸ್ಟೇ ಸೊನ್ನೆಯಿಂದ ಶುರುವಾಗುವ ಹನ್ನೊಂದು ಅಂಕಿಯ ನಂಬರ್. ಬರೆದದ್ದು ಆ ಹುಡುಗ. ಈಗ ಆ ಜಾರ್‌ಗೆ ಅವನೇ ಯಜಮಾನ.

ನಮ್ಮಮ್ಮ ಹುಳಿಪುಡಿ ಮಾಡಿದಾಗ ಮೂರು ಡಬ್ಬಿಗೆ ಹಾಕ್ತಾರೆ: ಅವರಿಗೊಂದು, ನನಗೊಂದು, ತಂಗಿಗೊಂದು. ಪ್ರತಿ ಡಬ್ಬಿ ಮೇಲೂ ತಾರೀಕಿನ ಚೀಟಿ. ಮೆಂತ್ಯ ಜಾಸ್ತಿಯಾಗಿ ಕಹಿಯಾದರೆ ಇಬ್ಬರಿಗೂ ಫೋನ್ ಮಾಡ್ತಾರೆ: "ಆ ತಾರೀಕಿಂದು ಬಳಸಬೇಡಿ ಕಣ್ರೇ, ಬೇರೆ ಕಳಿಸ್ತೀನಿ." ಅಮ್ಮನಿಗೆ ಕೋಡಿಂಗ್ ಬರಲ್ಲ. ಆದರೆ ಯಾವ ಡಬ್ಬಿ ಯಾರ ಮನೇಲಿದೆ ಅಂತ ಗೊತ್ತು. ನಿಮ್ಮ ಟೀಮಿನಲ್ಲಿ ಅದು ಯಾರಿಗೆ ಗೊತ್ತು? ಇವತ್ತೇ ಒಮ್ಮೆ ಕೇಳಿ ನೋಡಿ.