ಹಿಟ್ಟಿನ ಕೋಳಿ, ಮಣ್ಣಿನ ದುರ್ಯೋಧನ



ಹದಿನೆಂಟು ಇಪ್ಪತ್ತರ ಹರೆಯದ ಮಕ್ಕಳಿರುವ ಮನೆಯವರಲ್ಲಿ ಕೆಲವರಾದರೂ ಈಚಿನ ವರ್ಷಗಳಲ್ಲಿ ಒಂದು ಮುಖವನ್ನು ಕಂಡಿರಬಹುದು. ಸುಣ್ಣ ಬಳಿದಂತಹ ಬಿಳಿಯ ಮೋರೆ, ಕೆನ್ನೆಯವರೆಗೆ ಚಾಚಿದ ಕರಿಯ ತುಟಿ, ತಲೆಯ ಮೇಲೆ ಓರೆಯಾಗಿ ಕುಳಿತ ಪುಟ್ಟ ಟೋಪಿ, ಕಪ್ಪು ಬಿಳುಪಿನ ಉಡುಪು. ಮಗನ ಫೋನಿನ ಪರದೆಯಲ್ಲೋ, ಅವನ ಬನಿಯನ್ನಿನ ಎದೆಯ ಮೇಲೋ ಅದು ಹಲ್ಲು ಕಿರಿಯುತ್ತಿರುತ್ತದೆ. ಇವನ ಹೆಸರು ಆರ್ಟ್. ವೇಷದಲ್ಲಿ ವಿದೂಷಕ, ಕೆಲಸದಲ್ಲಿ ಕೊಲೆಗಾರ. ‘ಟೆರಿಫೈಯರ್’ ಎಂಬ ಅಮೆರಿಕದ ಚಿತ್ರಮಾಲೆಗೆ ಇವನೇ ಖಳ. ಅಭಿಮಾನಿಗಳ ಮಟ್ಟಿಗೆ ಇವನೇ ನಾಯಕನೂ ಹೌದು. ಮನುಷ್ಯರನ್ನು ಕತ್ತರಿಸುವುದು, ಸೀಳುವುದು, ಅದರ ನಡುನಡುವೆ ಕುಚೇಷ್ಟೆ ಮಾಡಿ ನಗಿಸುವುದು, ಇಷ್ಟೇ ಇವನ ಕಥೆ. ಇಂತಹದನ್ನು ನೋಡಿ ಆನಂದಿಸುವ ಮಕ್ಕಳ ಮನಸ್ಸಿಗೆ ಏನಾಗಿದೆ ಎಂದು ತಂದೆತಾಯಿಗಳು ಕಳವಳಪಡುವುದು ಸಹಜ. ಆ ಕಳವಳವನ್ನು ತಳ್ಳಿಹಾಕದೆ, ಆದರೆ ಅದಕ್ಕೆ ಗಾಬರಿಯ ಬಣ್ಣ ಬಳಿಯದೆ, ಈ ತಿಂಗಳು ಒಂದಿಷ್ಟು ವಿಚಾರ ಮಾಡೋಣ.

ಮೊದಲು ಸಂಗತಿಗಳು. ಈ ಮಾಲೆಯ ಕರ್ತೃ ಡೇಮಿಯನ್ ಲಿಯೋನ್. ಕಥೆ, ನಿರ್ದೇಶನಗಳ ಜೊತೆಗೆ ಗಾಯ, ನೆತ್ತರುಗಳ ಪ್ರಸಾಧನವೂ ಬಹುಮಟ್ಟಿಗೆ ಅವನದೇ ಕೈಕೆಲಸ. 2016ರಲ್ಲಿ ಸಿದ್ಧವಾದ ಮೊದಲ ಪೂರ್ಣ ಚಿತ್ರದಿಂದ ಇಂದಿನವರೆಗೆ ಆರ್ಟ್‌ನ ವೇಷ ಕಟ್ಟುತ್ತಿರುವವನು ಡೇವಿಡ್ ಹೋವರ್ಡ್ ಥಾರ್ನ್‌ಟನ್. ಎರಡನೆಯ ಭಾಗ 2022ರ ಅಕ್ಟೋಬರಿನಲ್ಲಿ ತೆರೆಕಂಡಿತು. ಸುಮಾರು ಎರಡೂವರೆ ಲಕ್ಷ ಡಾಲರಿನಲ್ಲಿ ತಯಾರಾದ ಆ ಚಿತ್ರ ಒಂದೂವರೆ ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು. ಚಿತ್ರಮಂದಿರಗಳಲ್ಲಿ ಕೆಲವರು ವಾಂತಿ ಮಾಡಿಕೊಂಡರು, ಮೂರ್ಛೆ ಹೋದರು ಎಂಬ ವರದಿಗಳು ಹಬ್ಬಿದವು; ಆ ವರದಿಗಳೇ ಅದಕ್ಕೆ ಹಣ ತೆರದ ಜಾಹೀರಾತಾದವು. 2024ರ ಅಕ್ಟೋಬರ್ 11ರಂದು ಮೂರನೆಯ ಭಾಗ ಬಂದಿತು. ವೆಚ್ಚ ಇಪ್ಪತ್ತು ಲಕ್ಷ ಡಾಲರ್, ಜಗತ್ತಿನಾದ್ಯಂತ ಗಳಿಕೆ ಒಂಬತ್ತು ಕೋಟಿಯ ಸಮೀಪ. ಆ ವಾರ ಅಮೆರಿಕದಲ್ಲಿ ಅದು ಹಿಂದೆ ಹಾಕಿದ್ದು ಇಪ್ಪತ್ತು ಕೋಟಿ ಡಾಲರಿನ ಆಸುಪಾಸಿನಲ್ಲಿ ತಯಾರಾಗಿದ್ದ ಇನ್ನೊಬ್ಬ ‘ಜೋಕರ್’ನ ಚಿತ್ರವನ್ನು!

ಈ ವಿಜಯ ಕೇವಲ ರಕ್ತದ್ದಲ್ಲ, ಅಭಿಮಾನಿಗಳ ಕೂಟದ್ದು. ಅವರು ಒಬ್ಬೊಬ್ಬರಾಗಿ ಕುಳಿತು ಈ ಚಿತ್ರಗಳನ್ನು ನೋಡುವುದು ಕಡಮೆ. ಗುಂಪಾಗಿ ಹೋಗುತ್ತಾರೆ, ಆರ್ಟ್‌ನ ಹಾಗೆಯೇ ಬಣ್ಣ ಬಳಿದುಕೊಂಡು ಹೋಗುವವರೂ ಉಂಟು. ಯಾವ ಗಾಯವನ್ನು ಹೇಗೆ ಮಾಡಿದರು, ರಬ್ಬರಿನ ಚರ್ಮವನ್ನು ಎಲ್ಲಿ ಅಂಟಿಸಿದರು ಎಂದು ಅಕ್ಕಸಾಲಿಗರು ಒಡವೆಯ ಕೆಲಸವನ್ನು ನೋಡುವಂತೆ ನೋಡಿ ಚರ್ಚಿಸುತ್ತಾರೆ. ‘ನಾನು ಕಣ್ಣು ಮುಚ್ಚದೆ ಕೊನೆಯವರೆಗೂ ನೋಡಿದೆ’ ಎಂಬುದು ಅವರಲ್ಲಿ ಒಂದು ಬಿರುದು. ಕೊಂಡ ಹಾಯ್ದು ಬಂದವನು ಅಂಗಾಲನ್ನು ತೋರಿಸಿ ನಗುವ ನಗೆಗೂ ಈ ಬಿರುದಿಗೂ ದೂರದ ನಂಟಿದೆ.

ಭಯವನ್ನು ಹಣ ತೆತ್ತು ಕೊಳ್ಳುವ ಈ ಚಾಳಿ ಹೊಸದೂ ಅಲ್ಲ. ಪ್ಯಾರಿಸ್ಸಿನಲ್ಲಿ ‘ಗ್ರಾಂ ಗಿನ್ಯೋಲ್’ ಎಂಬ ರಂಗಮಂದಿರವೊಂದು 1897ರಿಂದ 1962ರವರೆಗೆ ಕೊಲೆ, ರಕ್ತಗಳ ನಾಟಕಗಳನ್ನೇ ಆಡಿ ಬದುಕಿತ್ತು. 1978ರ ‘ಹ್ಯಾಲೋವೀನ್’, 1980ರ ‘ಫ್ರೈಡೇ ದ ಥರ್ಟೀಂತ್’ ಚಿತ್ರಗಳು ತೆರೆಯ ಕೊಲೆಗಾರನನ್ನು ಮನೆಮಾತಾಗಿಸಿದವು. ಈ ಎರಡನೆಯ ಚಿತ್ರಕ್ಕೆ ನೆತ್ತರಿನ ಪ್ರಸಾಧನ ಮಾಡಿದ ಟಾಮ್ ಸವೀನಿ ವಿಯೆಟ್ನಾಂ ಯುದ್ಧದಲ್ಲಿ ಛಾಯಾಗ್ರಾಹಕನಾಗಿದ್ದವನು. ನಿಜವಾದ ಹೆಣಗಳನ್ನು ಕ್ಯಾಮೆರಾದ ಕಣ್ಣಿನಿಂದ ನೋಡಿ ಬಂದವನು. ನಗಿಸಬೇಕಾದ ವಿದೂಷಕ ಕೊಲೆಗಾರನಾದದ್ದಕ್ಕೂ ಒಂದು ನಿಜದ ನೆರಳಿದೆ. ಮಕ್ಕಳ ಸಮಾರಂಭಗಳಲ್ಲಿ ವಿದೂಷಕನ ವೇಷ ಹಾಕುತ್ತಿದ್ದ ಜಾನ್ ವೇನ್ ಗೇಸಿ ಎಂಬ ಅಮೆರಿಕದವನು ಮೂವತ್ತಮೂರು ಕೊಲೆಗಳಿಗಾಗಿ 1980ರಲ್ಲಿ ಅಪರಾಧಿಯೆಂದು ಸಾಬೀತಾದ. ಸ್ಟೀಫನ್ ಕಿಂಗ್ ವಿದೂಷಕರೂಪದ ಪಿಶಾಚಿಯನ್ನಿಟ್ಟು ‘ಇಟ್’ ಕಾದಂಬರಿಯನ್ನು ಪ್ರಕಟಿಸಿದ್ದು 1986ರಲ್ಲಿ.

ನಮ್ಮ ಪೂರ್ವಿಕರು ಈ ವಿಷಯವನ್ನು ಚಿಂತಿಸದೆ ಬಿಟ್ಟವರಲ್ಲ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಭಯಾನಕ, ಬೀಭತ್ಸಗಳಿಗೂ ಶೃಂಗಾರದ ಪಂಕ್ತಿಯಲ್ಲಿಯೇ ಸ್ಥಾನವಿದೆ. ಹೆದರುವುದು, ಅಸಹ್ಯಪಡುವುದು ರಸಿಕನಿಗೆ ಅಯೋಗ್ಯವೆಂದು ಅವನು ಹೇಳಲಿಲ್ಲ. ಹಾಸ್ಯದ ಬಣ್ಣ ಬಿಳಿ, ಭಯಾನಕದ ಬಣ್ಣ ಕಪ್ಪು ಎಂದೂ ವಿಧಿಸಿದ. ಆರ್ಟ್‌ನ ಕಪ್ಪು ಬಿಳುಪಿನ ಉಡುಪನ್ನು ಹೊಲಿದವರು ಭರತನನ್ನು ಓದಿದವರಲ್ಲ. ಆದರೂ ಆ ಎರಡು ಬಣ್ಣಗಳು ಒಂದೇ ಮೈಮೇಲೆ ಕೂಡಿಕೊಂಡಿವೆ. ಆದರೆ ಅದೇ ಶಾಸ್ತ್ರ ಒಂದು ಕಟ್ಟನ್ನೂ ಹಾಕಿತು. ಯುದ್ಧ, ಮರಣಗಳನ್ನು ಅಂಕದೊಳಗೆ ಕಣ್ಣಿಗೆ ಕಾಣುವಂತೆ ತೋರಿಸಬಾರದು, ಮಾತಿನಿಂದ ಸೂಚಿಸಬೇಕು ಎಂದಿತು.

ಶಾಸ್ತ್ರ ಹಾಗೆಂದಿತು, ಹಳ್ಳಿ ಹಾಗೆನ್ನಲಿಲ್ಲ. ಕೃಷ್ಣಗಿರಿ, ಧರ್ಮಪುರಿ ಸೀಮೆಯ ದ್ರೌಪದಿಯಮ್ಮನ ಗುಡಿಗಳಲ್ಲಿ ಭಾರತದ ಉತ್ಸವ ನಡೆಯುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಹಗಲು ಭಾರತಪ್ರವಚನ, ರಾತ್ರಿ ತೆರುಕೂತ್ತು, ಕಡೆಯಲ್ಲಿ ದುರ್ಯೋಧನನ ವಧೆ. ಬಯಲಿನಲ್ಲಿ ಮಣ್ಣಿನಿಂದ ಬಹುದೊಡ್ಡ ದುರ್ಯೋಧನನನ್ನು ಮಲಗಿಸುತ್ತಾರೆ. ತೊಡೆಯೊಳಗೆ ಕೆಂಪು ನೀರು ಅಡಗಿರುತ್ತದೆ. ಭೀಮ ಗದೆಯಿಂದ ಹೊಡೆದೊಡನೆ ಅದು ನೆತ್ತರಾಗಿ ಚಿಮ್ಮುತ್ತದೆ. ದ್ರೌಪದಿ ಆ ಕೆಂಪನ್ನು ಕೂದಲಿಗೆ ಸವರಿಕೊಂಡು ಮುಡಿ ಕಟ್ಟುತ್ತಾಳೆ. ಮಡಿಲ ಕೂಸಿನಿಂದ ಹಿಡಿದು ಮುಪ್ಪಿನ ಅಜ್ಜಿಯವರೆಗೆ ಎಲ್ಲರೂ ಅದನ್ನು ನೋಡುತ್ತಾರೆ. ಹಾಗಿದ್ದಮೇಲೆ ‘ನಮ್ಮ ಕಾಲದಲ್ಲಿ ಇಂತಹ ಭೀಕರಗಳಿರಲಿಲ್ಲ’ ಎಂದು ಮಕ್ಕಳೆದುರು ಹೇಳುವುದು ಸಲ್ಲದು. ಇದ್ದವು, ಇಂದಿಗೂ ಇವೆ.

ಆದರೆ ಎರಡು ಭೇದಗಳನ್ನು ಗಮನಿಸಬೇಕು. ಒಂದು, ವಿದೂಷಕನದು. ಕೂತ್ತಿನ ಕಟ್ಟಿಯಕ್ಕಾರನಾಗಲಿ, ನಮ್ಮ ಮೂಡಲಪಾಯದ ಕೋಡಂಗಿಯಾಗಲಿ ಮಾತಿನಿಂದ ಬದುಕುವವರು. ರಾಜನಿಗೂ ಪ್ರೇಕ್ಷಕನಿಗೂ ನಡುವೆ ನಿಂತು, ದೊಡ್ಡವರ ದೊಡ್ಡ ಮಾತನ್ನು ಊರಿನ ಮಾತಿಗೆ ಇಳಿಸಿ, ಅಹಂಕಾರಕ್ಕೆ ಸೂಜಿ ಚುಚ್ಚುವವರು. ಭೀಕರ ಮಿತಿಮೀರಿದಾಗ ‘ಇದು ಆಟ’ ಎಂದು ನೆನಪು ಮಾಡಿಕೊಡುವವರು. ಆರ್ಟ್ ಮೂಗ. ಚಿತ್ರಮಾಲೆಯಲ್ಲಿ ಅವನಿಂದ ಒಂದು ಮಾತಿಲ್ಲ, ನಗುವಿಗೂ ಸದ್ದಿಲ್ಲ. ಭಾಷೆಯ ಹಂಗಿಲ್ಲದ ಕಾರಣದಿಂದಲೇ ಅವನಿಗೆ ಯಾವ ಗಡಿಯೂ ಅಡ್ಡವಾಗುವುದಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಅರ್ಜಿಯಲ್ಲಿ ಇಂಗ್ಲಿಷು ಎಂದು ಮೂರು ದೋಣಿಗಳಲ್ಲಿ ಕಾಲಿಡುವ ಅಂಚೆಟ್ಟಿಯ ಹುಡುಗನಿಗೆ ಈ ಮೂಗನನ್ನು ಅರ್ಥಮಾಡಿಕೊಳ್ಳಲು ಅನುವಾದ ಬೇಕಿಲ್ಲ. ಅವನ ಆಕರ್ಷಣೆಯಲ್ಲಿ ಇದೂ ಒಂದು ಪಾಲೆಂದು ನನ್ನ ಊಹೆ.

ಎರಡನೆಯ ಭೇದ ಇನ್ನೂ ಮುಖ್ಯವಾದುದು. ಮಣ್ಣಿನ ದುರ್ಯೋಧನ ಬಿದ್ದಮೇಲೆ ಆಟ ಅಲ್ಲಿಗೆ ಮುಗಿಯುವುದಿಲ್ಲ. ಗಾಂಧಾರಿಯ ಗೋಳಾಟವಿದೆ. ಸತ್ತವನು ಪಾಪಿಯೇ ಇರಲಿ, ಅವನಿಗಾಗಿ ಎದೆ ಬಡಿದುಕೊಳ್ಳುವ ತಾಯಿಯೊಬ್ಬಳನ್ನು ಊರು ನಿಲ್ಲಿಸುತ್ತದೆ. ಕೊಂದ ಪಕ್ಷದವರೇ ಆ ಅಳುವನ್ನು ಕೇಳಿಸಿಕೊಳ್ಳಬೇಕು. ಆಮೇಲೆ ಹೆಂಗಸರು ಅದೇ ಮಣ್ಣನ್ನು ಒಂದು ಹಿಡಿ ಮನೆಗೆ ಒಯ್ಯುವ ರೂಢಿಯೂ ಹಲವು ಕಡೆ ಇದೆ. ಕಣಜ ಬರಿದಾಗದಿರಲಿ ಎಂಬ ನಂಬಿಕೆ. ಹೀಗೆ ಕೊಲೆ, ಶೋಕ, ಮರಳಿ ಬದುಕು, ಈ ಮೂರೂ ಒಂದೇ ಬಯಲಿನಲ್ಲಿ ನಡೆದುಹೋಗುತ್ತವೆ. ಆರ್ಟ್‌ನ ಬಗೆಯ ಚಿತ್ರಗಳಲ್ಲಿ ಸಾಯುವ ಬಹುಪಾಲು ಜನರಿಗೆ ಅಳುವವರಿಲ್ಲ. ಸಾಯುವುದಕ್ಕೆಂದೇ ಬರುತ್ತಾರೆ, ಸತ್ತು ತೆರೆಯಿಂದ ಸರಿಯುತ್ತಾರೆ. ಪ್ರೇಕ್ಷಕ ಮುಂದಿನ ಕೊಲೆಗೆ ಕಾಯುತ್ತಾನೆ.

ನಟನೆಯ ಹಿಂಸೆಯಿಂದ ಪಾಪವುಂಟೇ? ಕನ್ನಡದಲ್ಲಿ ಈ ಪ್ರಶ್ನೆಯನ್ನು ಜನ್ನ ಕವಿ ಎತ್ತಿ ಎಂಟು ನೂರು ವರ್ಷಗಳು ಮೀರಿದವು. 1209ರಲ್ಲಿ ಅವನು ರಚಿಸಿದ ‘ಯಶೋಧರ ಚರಿತೆ’ಯ ಕಥೆ ಹೀಗಿದೆ. ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡೆಂದು ಒತ್ತಾಯಿಸುತ್ತಾಳೆ. ಮಗ ಯಶೋಧರ ಜೀವಹಿಂಸೆಗೆ ಒಪ್ಪುವುದಿಲ್ಲ. ಕಡೆಗೆ ಇಬ್ಬರ ನಡುವೆ ರಾಜಿಯಾಗಿ ಹಿಟ್ಟಿನ ಕೋಳಿಯನ್ನು ಮಾಡಿ ಕಡಿಯುತ್ತಾರೆ. ಹಿಟ್ಟಿನದಾದರೂ ಆ ಕೋಳಿ ಕೂಗುತ್ತದೆ! ಸಂಕಲ್ಪದಿಂದಲೇ ನಡೆದ ಆ ಹಿಂಸೆಯ ಫಲವಾಗಿ ತಾಯಿ ಮಗ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕತ್ತಿಗೆ ಬೀಳುತ್ತಾರೆ. ಕಡಿದದ್ದು ಹಿಟ್ಟೋ ಮಾಂಸವೋ ಎಂಬುದು ಗಣನೆಯಲ್ಲ, ಕಡಿಯುವಾಗ ಮನಸ್ಸು ಎಲ್ಲಿತ್ತು ಎಂಬುದೇ ಗಣನೆ ಎಂದು ಜೈನ ಕವಿಯ ತೀರ್ಮಾನ.

ಒಂದು ಕಡೆ ಕಾಪಾಡುವ ಮಣ್ಣಿನ ದುರ್ಯೋಧನ, ಇನ್ನೊಂದು ಕಡೆ ಕಾಡುವ ಹಿಟ್ಟಿನ ಕೋಳಿ. ಎರಡೂ ಬೊಂಬೆಗಳೇ. ಇವೆರಡರ ನಡುವೆ ಲಿಯೋನನ ರಬ್ಬರಿನ ದೇಹಗಳನ್ನು ಎಲ್ಲಿಡಬೇಕು? ಜನ್ನನ ಅಳತೆಯನ್ನೇ ಹಿಡಿದರೆ ಉತ್ತರ ಚಿತ್ರದಲ್ಲಿಲ್ಲ, ನೋಡುವವನ ಸಂಕಲ್ಪದಲ್ಲಿದೆ. ಬೊಂಬೆಯ ಕೌಶಲಕ್ಕೆ ಬೆರಗಾಗುವವನು, ಗೆಳೆಯರೊಡನೆ ಕಿರುಚಿ ನಕ್ಕು ಹಗುರಾಗುವವನು ಒಂದು ಬಗೆ. ನರಳುವವರನ್ನು ಕಂಡು ಹಿಗ್ಗುವವನು ಇನ್ನೊಂದು ಬಗೆ. ಅಭಿಮಾನಿಗಳಲ್ಲಿ ಹೆಚ್ಚಿನವರು ಮೊದಲನೆಯ ಬಗೆಯವರೆಂದೇ ನಾನು ಬಲ್ಲೆ. ಕೋವಿಡ್ ಪಿಡುಗಿನ ಆರಂಭದಲ್ಲಿ ಸಮೀಕ್ಷೆ ನಡೆಸಿದ ಕೋಲ್ಟನ್ ಸ್ಕ್ರಿವ್ನರ್ ಮುಂತಾದ ಮನಶ್ಶಾಸ್ತ್ರಜ್ಞರು, ಭಯದ ಚಿತ್ರಗಳ ಅಭಿಮಾನಿಗಳು ಆ ದಿನಗಳ ಮಾನಸಿಕ ಕ್ಲೇಶವನ್ನು ಉಳಿದವರಿಗಿಂತ ಚೆನ್ನಾಗಿ ತಾಳಿಕೊಂಡಂತೆ ಕಂಡಿತೆಂದು 2021ರಲ್ಲಿ ಪ್ರಕಟಿಸಿದರು. ಚಿತ್ರವೇ ಅವರನ್ನು ಗಟ್ಟಿಮಾಡಿತೋ, ಗಟ್ಟಿಗರೇ ಆ ಚಿತ್ರಗಳತ್ತ ಹೋಗುತ್ತಾರೋ ಎಂಬುದು ಬೇರೆ ಮಾತು. ಭಯದ ಚಿತ್ರವನ್ನು ಮೆಚ್ಚುವವನೆಲ್ಲ ಕ್ರೂರಿಯೆಂದು ಬಗೆಯಲು ಆಧಾರವಿಲ್ಲವೆಂಬಷ್ಟು ಸಾಕು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಆರ್ಟ್ ಅಲ್ಲ, ನಮ್ಮ ಸಮೀಪದ ಇನ್ನೊಂದು ಚಿತ್ರಮಾಲೆ. ಶ್ರೀನಿವಾಸ ರಾಜು ನಿರ್ದೇಶಿಸಿದ ‘ದಂಡುಪಾಳ್ಯ’ 2012ರಲ್ಲಿ ತೆರೆಕಂಡು ಭರ್ಜರಿಯಾಗಿ ಓಡಿತು. 2017, 2018ರಲ್ಲಿ ಮುಂದಿನ ಭಾಗಗಳು ಬಂದವು. ಹೊಸಕೋಟೆಯ ಬಳಿಯ ಆ ಊರಿನ ಹೆಸರು ಹೊತ್ತ ತಂಡ ತೊಂಬತ್ತರ ದಶಕದಲ್ಲಿ ನಡೆಸಿದ ಕೊಲೆಗಳೇ ಅದಕ್ಕೆ ಆಧಾರ. ಆರ್ಟ್ ಕೊಂದವರು ಹುಟ್ಟಿಯೇ ಇರಲಿಲ್ಲ. ದಂಡುಪಾಳ್ಯದ ಕಥೆಯ ಹಿಂದೆ ಸತ್ತವರಿಗೆ ಮಕ್ಕಳಿದ್ದಾರೆ, ಒಡಹುಟ್ಟಿದವರಿದ್ದಾರೆ. ಅವರ ಗಾಯವನ್ನು ನಾವು ಟಿಕೀಟು ಕೊಂಡು ನೋಡಿ ಶಿಳ್ಳೆ ಹಾಕಿದೆವು. ಮಕ್ಕಳ ವಿದೂಷಕನನ್ನು ಬೈಯುವ ಮೊದಲು ಹಿರಿಯರಾದ ನಾವು ಇದನ್ನು ನೆನೆಯುವುದು ನ್ಯಾಯ.

ಹಾಗಾದರೆ ಮಾಡತಕ್ಕದ್ದೇನು? ವಯಸ್ಸಿನ ಕಟ್ಟನ್ನು ಸಡಿಲಿಸಬಾರದು. ‘ಎ’ ಪತ್ರದ ಚಿತ್ರ ಹದಿನೆಂಟು ತುಂಬಿದವರಿಗೆ. 2023ರ ತಿದ್ದುಪಡಿಯಿಂದ ‘ಯುಎ’ ಪತ್ರದಲ್ಲಿಯೂ ಏಳು, ಹದಿಮೂರು, ಹದಿನಾರು ಎಂಬ ಮೂರು ಮೆಟ್ಟಿಲುಗಳಾಗಿವೆ. ಚಿತ್ರಮಂದಿರದ ಬಾಗಿಲಲ್ಲಿ ಕಾವಲುಗಾರನಿದ್ದಾನೆ. ಫೋನಿನ ಬಾಗಿಲಲ್ಲಿ ಆ ಕೆಲಸ ತಂದೆತಾಯಿಗಳದು. ಹತ್ತು ವರ್ಷದ ತಮ್ಮ ಅಣ್ಣನ ಹೆಗಲ ಮೇಲಿಂದ ಇಣುಕುತ್ತಿರುವನೇ ಎಂದು ನೋಡಿಕೊಳ್ಳಬೇಕು. ಹದಿನೆಂಟು ದಾಟಿದವನನ್ನು ಬೈದು ಪ್ರಯೋಜನವಿಲ್ಲ. ಅವನೊಡನೆ ಮಾತನಾಡಬೇಕು, ಅದೂ ಮನೆಯ ಮಾತಿನಲ್ಲಿ. ‘ಆ ನೆತ್ತರನ್ನು ಹೇಗೆ ಮಾಡಿದರಪ್ಪ?’ ಎಂದು ಕೇಳಿ ನೋಡಿ, ಅವನು ಉತ್ಸಾಹದಿಂದ ವಿವರಿಸುವನು. ಕೇಳಿಸಿಕೊಂಡು, ‘ಸತ್ತ ಆ ಹುಡುಗಿಯ ಮನೆಯವರು ಏನಾದರು, ಚಿತ್ರದಲ್ಲಿ ತೋರಿಸಿದರೇ?’ ಎಂದು ಇನ್ನೊಂದು ಪ್ರಶ್ನೆ ಕೇಳಿ. ಅವನು ಒಂದು ಕ್ಷಣ ಯೋಚಿಸಿದರೆ ಅದೇ ಸಾಕು.

ಮುಂದಿನ ಸಲ ನಿಮ್ಮ ಊರ ಕಡೆ ಭಾರತದ ಉತ್ಸವ ನಡೆದಾಗ ಅವನನ್ನೂ, ಅವನ ಗೆಳೆಯರನ್ನೂ ಕರೆದುಕೊಂಡು ಹೋಗಿ. ಚಿಮ್ಮುವ ಕೆಂಪು ನೀರನ್ನು ಅವರು ತಮ್ಮ ಫೋನಿನಲ್ಲಿ ಹಿಡಿದುಕೊಳ್ಳಲಿ, ಬೇಡವೆನ್ನಬೇಡಿ. ಆದರೆ ಭೀಮನ ಗದೆ ಬಿದ್ದಕೂಡಲೆ ಮನೆಗೆ ಹೊರಡದೆ, ಗಾಂಧಾರಿ ಅತ್ತು ಮುಗಿಸುವವರೆಗೂ ಅವರೊಡನೆ ನಿಂತಿರಿ.