ಟಿಪ್ಪಣಿಗೆ ಬೀಗ ಹಾಕುವ ಯಂತ್ರ ಸಂಶೋಧಕನಿಗೆ ಬೇಡ

ಇ-ರೀಡರ್ ಕೊಳ್ಳಲು ಹೊರಟ ಸಂಶೋಧನ ವಿದ್ಯಾರ್ಥಿಗಳಿಗೆ ಬಹುಮಟ್ಟಿಗೆ ಒಂದೇ ಸಲಹೆ ದೊರೆಯುತ್ತದೆ: ಆರು ಇಂಚಿನದು ಸಾಕು, ಹಗುರ, ಬೆಲೆಯೂ ಕಡಿಮೆ. ಕಾದಂಬರಿ ಓದುವವರಿಗೆ ಇದು ಸರಿಯಾದ ಮಾತು. ಶಾಸನ, ಸಂಪಾದಿತ ಕೃತಿ, ವಿದ್ವತ್ ಲೇಖನಗಳನ್ನು ಓದುವವರಿಗೆ ಇದು ದಾರಿ ತಪ್ಪಿಸುವ ಮಾತು. ಕಾದಂಬರಿಯನ್ನು ಓದಿ ಮುಗಿಸುತ್ತೇವೆ. ಲೇಖನದೊಡನೆ ವಾದ ಹೂಡುತ್ತೇವೆ. ವಾದಕ್ಕೆ ಪುಟದ ಅಂಚು ಬೇಕು, ಲೇಖನಿ ಬೇಕು, ಬರೆದದ್ದು ನಮ್ಮದಾಗಿಯೇ ಉಳಿಯಬೇಕು.

ಮೊದಲು ಅಳತೆಯನ್ನೇ ನೋಡೋಣ. ಎ4 ಪುಟದ ಅಗಲ 210 ಮಿ.ಮೀ.; ಆರು ಇಂಚಿನ ಪರದೆಯದು ಸುಮಾರು 90 ಮಿ.ಮೀ. ಅಷ್ಟರಲ್ಲಿ ಇಡೀ ಪುಟವನ್ನು ತುರುಕಿದರೆ 12 ಪಾಯಿಂಟಿನ ಅಕ್ಷರ ಸುಮಾರು 5 ಪಾಯಿಂಟಿಗೆ ಇಳಿಯುತ್ತದೆ. ಅಡಿಟಿಪ್ಪಣಿಯ ಒತ್ತಕ್ಷರಗಳ ಗತಿಯನ್ನು ಹೇಳಬೇಕಾಗಿಯೇ ಇಲ್ಲ. 10.3 ಇಂಚಿನ ಪರದೆಯಲ್ಲಿ ಅದೇ ಅಕ್ಷರ 9 ಪಾಯಿಂಟಿನಷ್ಟು ಕಾಣುತ್ತದೆ; 13.3 ಇಂಚಿನಲ್ಲಿ ಹೆಚ್ಚುಕಡಿಮೆ ಮೂಲದಷ್ಟೇ ಇರುತ್ತದೆ.

ಅಕ್ಷರವನ್ನು ಹಿಗ್ಗಿಸಿಕೊಳ್ಳಬಹುದಲ್ಲ ಎನ್ನುವವರು ನಮ್ಮ ಆಕರಗಳ ಸ್ವರೂಪವನ್ನು ಮರೆಯುತ್ತಾರೆ. ಬಿ. ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳು ನಮ್ಮ ಕೈಸೇರುವುದು ಸ್ಕ್ಯಾನ್ ಮಾಡಿದ ಚಿತ್ರಗಳಾಗಿ. ಚಿತ್ರದೊಳಗಿನ ಅಕ್ಷರ ಸಾಲು ಬದಲಿಸಿ ಹರಿಯುವುದಿಲ್ಲ. ಯೂನಿಕೋಡ್ ಪೂರ್ವದ ಫಾಂಟುಗಳಲ್ಲಿ ಸಿದ್ಧವಾದ ಕನ್ನಡ ಪಿಡಿಎಫ್‌ಗಳಲ್ಲಂತೂ ಒಂದು ವಾಕ್ಯವನ್ನು ಗುರುತಿಸಿ ನಕಲಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಉದುರುತ್ತವೆ. ಒಂದು ವೇಳೆ ಪಠ್ಯ ಹರಿದರೂ, ಪಾಠಾಂತರಗಳು ತಮ್ಮ ಪದ್ಯದ ಅಡಿಯಿಂದ ಚದುರಿಹೋದ ಸಂಪಾದಿತ ಕೃತಿಗೆ ಬೆಲೆಯೇನು? ಆದ್ದರಿಂದ ಪುಟ ಇದ್ದಂತೆಯೇ ಕಾಣಬೇಕು. ಅದರ ಮೇಲೆ ಕೈಬರಹದಲ್ಲಿ ಬರೆಯುವಂತಿರಬೇಕು.

ಟ್ಯಾಬ್ಲೆಟ್ ಸಾಲದೆ ಎಂಬ ಪ್ರಶ್ನೆಯೂ ಉಂಟು. ಶಿಲ್ಪಗಳ ವರ್ಣಚಿತ್ರ ನೋಡಲು ಅದೇ ಮೇಲು, ಅದರಲ್ಲಿ ವಿವಾದವಿಲ್ಲ. ಆದರೆ ಇ-ಇಂಕ್ ಪರದೆ ಕಾಗದದಂತೆ ಹೊರಗಿನ ಬೆಳಕನ್ನು ಪ್ರತಿಫಲಿಸುತ್ತದೆ, ನಿಂತ ಪುಟವನ್ನು ತೋರಿಸಲು ವಿದ್ಯುತ್ತನ್ನು ಬೇಡುವುದಿಲ್ಲ. ಬಿಸಿಲಿನ ಜಗಲಿಯಲ್ಲಿ ಕುಳಿತು ನಾಲ್ಕು ಗಂಟೆ ಓದುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಆದರೂ ಗಾತ್ರಕ್ಕಿಂತ, ಪರದೆಗಿಂತ ಮುಖ್ಯವಾದ ಪ್ರಶ್ನೆ ಬೇರೆ: ಟಿಪ್ಪಣಿಯ ಒಡೆಯ ಯಾರು? ಪಿಡಿಎಫ್ 2008ರಲ್ಲಿಯೇ ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಟಿಪ್ಪಣಿಯನ್ನು ಕಡತದೊಳಗೇ ಇರಿಸುವ ವ್ಯವಸ್ಥೆ ಆ ಮಾನಕದಲ್ಲಿದೆ. ಹೀಗಿದ್ದೂ ಬರೆದದ್ದನ್ನು ತನ್ನದೇ ನಮೂನೆಯಲ್ಲಿ, ತನ್ನದೇ ಖಾತೆಯಲ್ಲಿ ಕಟ್ಟಿಹಾಕುವ ಯಂತ್ರವನ್ನು ಅನುಕೂಲ ಎಂದು ಹೊಗಳುವುದು ವಿವೇಕವಲ್ಲ. ಖಾತೆ ಮುಚ್ಚಿದ ದಿನ ಹತ್ತು ವರ್ಷದ ಓದು ಅಳಿಯುತ್ತದೆ. ಗುರುವಿನ ಪುಸ್ತಕದ ಅಂಚಿನ ಪೆನ್ಸಿಲ್ ಗುರುತುಗಳು ಶಿಷ್ಯನಿಗೆ ಸಿಗುತ್ತಿದ್ದವು. ಗುಪ್ತಪದದ ಹಿಂದಿನ ಗುರುತುಗಳು ಯಾರಿಗೂ ಸಿಗುವುದಿಲ್ಲ.

ಜೈನ ವಾಙ್ಮಯವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಷಟ್ಖಂಡಾಗಮದ ಮೇಲೆ ವೀರಸೇನರು ಬರೆದ ಧವಲಾ ಒಂದು ಟೀಕೆಯೇ. ಮೂಡಬಿದಿರೆಯಲ್ಲಿ ಅದರ ತಾಳೆಯೋಲೆಗಳು ಬಹುಕಾಲ ದರ್ಶನಕ್ಕಷ್ಟೇ ದೊರೆಯುತ್ತಿದ್ದವು. ಪ್ರತಿಗಳು ಹೊರಬಂದು, 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದ ಮೇಲೆಯೇ ಅದು ಲೋಕದ ವಿದ್ವಾಂಸರಿಗೆ ತೆರೆದುಕೊಂಡಿತು. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದಳೆಂದು ಅತ್ತಿಮಬ್ಬೆಯನ್ನು ಇಂದಿಗೂ ನೆನೆಯುತ್ತೇವೆ. ಪ್ರತಿಯಾಗಿ ಹಬ್ಬದ ಅರಿವು ಭಂಡಾರದ ಕತ್ತಲೆಯಲ್ಲಿ ಉಳಿಯುತ್ತದೆ ಎಂಬುದನ್ನು ಶಾಸ್ತ್ರದಾನದ ಈ ಪರಂಪರೆ ಅರಿತಿತ್ತು.

ಆದಕಾರಣ ಕೊಳ್ಳುವ ಮುನ್ನ ಒಂದು ಪರೀಕ್ಷೆ ನಡೆಸಿರಿ. ಸ್ಕ್ಯಾನ್ ಆದ ಒಂದು ಲೇಖನವನ್ನು ಯಂತ್ರಕ್ಕೆ ಹಾಕಿ, ಅಂಚಿನಲ್ಲಿ ಎರಡು ಸಾಲು ಬರೆಯಿರಿ. ಆ ಕಡತವನ್ನು ಕಂಪ್ಯೂಟರಿಗೆ ಸಾಗಿಸಿ, ಬೇರೊಂದು ತಂತ್ರಾಂಶದಲ್ಲಿ ತೆರೆಯಿರಿ. ನಿಮ್ಮ ಸಾಲುಗಳು ಅಲ್ಲಿ ಕಂಡರೆ ಮಾತ್ರ ಹಣ ಕೊಡಿರಿ. ವಿಶ್ವವಿದ್ಯಾಲಯದ ಗ್ರಂಥಾಲಯಗಳೂ ಇದನ್ನೇ ಖರೀದಿಯ ಮೊದಲ ನಿಬಂಧನೆಯಾಗಿಸಲಿ. ಹಗುರತನ, ಬೆಲೆ, ಬಣ್ಣಗಳ ವಿಚಾರ ಆಮೇಲಿನದು.