ಕಾಣಿಕೆಗೆ ಮೊದಲು ಸಮಾಧಾನ

ಹೋದ ವರ್ಷ ನಮ್ಮ ಸಭೆಯ ವಾರ್ಷಿಕ ಕೂಟದಲ್ಲಿ ಒಬ್ಬ ಹುಡುಗ ಎದ್ದು ನಿಂತು, ಚಾವಣಿ ರಿಪೇರಿಯ ಬಿಲ್ಲುಗಳನ್ನು ಒಮ್ಮೆ ನೋಡಬಹುದೇ ಎಂದು ಕೇಳಿದ. ಹುಡುಗ ಅಂದರೆ ಮೂವತ್ತರ ಆಸುಪಾಸಿನವನು. ಬೆಂಗಳೂರಿನಲ್ಲಿ ಕೆಲಸ, ಶನಿವಾರ ರಾತ್ರಿ ಬಸ್ಸು ಹತ್ತಿ ಊರಿಗೆ ಬರುತ್ತಾನೆ. ನಾನು ಆಗ ಕಮಿಟಿಯ ಕಾರ್ಯದರ್ಶಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನಿಗೆ, ಲೆಕ್ಕ ಕೇಳಿದವರಿಗೆ ಲೆಕ್ಕ ತೋರಿಸಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಮೈಕು ಹಿಡಿದು, ‘ನಿಮ್ಮಪ್ಪ ನಲವತ್ತು ವರ್ಷ ಈ ಸಭೆಯಲ್ಲಿದ್ದರು, ಒಂದು ದಿನ ಹೀಗೆ ಕೇಳಿದವರಲ್ಲ, ಕೂತ್ಕೊ’ ಅಂದುಬಿಟ್ಟೆ. ಮುಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಅವನು ಕೂತ. ಮುಗಿಸುವ ಪ್ರಾರ್ಥನೆಗೆ ಎಲ್ಲರೂ ಎದ್ದಾಗ ಅವನ ಜಾಗ ಖಾಲಿಯಿತ್ತು.

ಅದಾದ ಮೇಲೆ ಹನ್ನೊಂದು ಭಾನುವಾರ ಅವನು ಬರಲಿಲ್ಲ. ಬೇರೆ ಯಾರಾದರೂ ಎಣಿಸಿದರೋ ಇಲ್ಲವೋ ಗೊತ್ತಿಲ್ಲ, ನಾನು ಎಣಿಸಿದೆ.

ನಮ್ಮದು ಹಳೇ ಮೈಸೂರು ಸೀಮೆಯ ಸಣ್ಣ ಊರಿನ ಸಭೆ, ವೆಸ್ಲಿಯನ್ ಮಿಷನ್ನಿನ ಕಾಲದ್ದು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್ಲಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರು ಕೂಡಿ ದಕ್ಷಿಣ ಇಂಡಿಯಾ ಸಭೆಯಾದರಲ್ಲ, ನಮ್ಮ ಸಭೆ ಸೇರಿರುವುದು ಅದಕ್ಕೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರವಾಗಿತ್ತು. ಶತಮಾನಗಳಿಂದ ಬೇರೆ ಬೇರೆ ಪೀಠಗಳ ಮುಂದೆ ಮೊಣಕಾಲೂರಿದವರು ಒಂದಾದದ್ದು ಸಣ್ಣ ಕೆಲಸವಲ್ಲ. ಹಾಗೆ ಕೂಡಿದವರು 1950ರಲ್ಲಿ ಕರ್ತನ ಭೋಜನಕ್ಕೆಂದು ಹೊಸ ಆರಾಧನಾಕ್ರಮ ಹೊರತಂದಾಗ ಅದರಲ್ಲಿ ಒಂದು ಹಳೆಯ ಪದ್ಧತಿಯನ್ನು ಮತ್ತೆ ಸೇರಿಸಿದರು: ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವುದು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಉಳಿದುಬಂದಿದ್ದ ಕ್ರಮ ಇದು. ಆಮೇಲೆ ಪಶ್ಚಿಮದ ಎಷ್ಟೋ ಸಭೆಗಳು ಕೈಕೈ ಹಿಡಿಯುವುದನ್ನು ನಮ್ಮನ್ನು ನೋಡಿ ಕಲಿತವು.

ಅದನ್ನು ಮಾಡುವ ರೀತಿಯನ್ನು ನೋಡದವರಿಗಾಗಿ ಹೇಳುತ್ತೇನೆ. ಕೊಡುವವರ ಬಲ ಅಂಗೈ ತೆಗೆದುಕೊಳ್ಳುವವರ ಬಲ ಅಂಗೈಯನ್ನು ಮುಟ್ಟುತ್ತದೆ. ಇಬ್ಬರ ಎಡಗೈಗಳೂ ಬಂದು ಆ ಕೈಗಳನ್ನು ಮುಚ್ಚುತ್ತವೆ. ಒಂದು ಕ್ಷಣ ನಾಲ್ಕು ಕೈಗಳು ಒಂದೇ ಗಂಟು. ಮೊದಲು ಸಭಾಪಾಲಕರು ಪಕ್ಕದವರಿಗೆ ಕೊಡುತ್ತಾರೆ, ಅವರು ಇಳಿದು ಬಂದು ಬೆಂಚಿನ ತುದಿಯವರಿಗೆ, ತುದಿಯವರು ಪಕ್ಕದವರಿಗೆ, ದೀಪದಿಂದ ದೀಪ ಹಚ್ಚಿದ ಹಾಗೆ. ಇದೆಲ್ಲ ಕಾಣಿಕೆ ಎತ್ತುವುದಕ್ಕೆ ಮೊದಲು. ಆ ಅನುಕ್ರಮಕ್ಕೊಂದು ಕಾರಣವಿದೆ. ಕಾಣಿಕೆ ಹಿಡಿದು ಪೀಠದ ಮುಂದೆ ಬಂದಾಗ ನಿನ್ನ ಮೇಲೆ ಸೋದರನ ಮುನಿಸಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂದು ಯೇಸು ಬೆಟ್ಟದ ಮೇಲೆ ಕಲಿಸಿದರು. ಯಾರ ಮೇಲೆ ನಿನಗೆ ಸಿಟ್ಟಿದೆ ಎಂದು ಅವರು ಕೇಳಲಿಲ್ಲ. ನಿನ್ನ ಮೇಲೆ ಯಾರಿಗೆ ಸಿಟ್ಟಿದೆ ಎಂದು ಕೇಳಿದರು. ಈ ವ್ಯತ್ಯಾಸ ಅರ್ಥವಾಗಲು ನನಗೆ ಆ ಹನ್ನೊಂದು ಭಾನುವಾರ ಬೇಕಾಯಿತು.

ಕೋವಿಡ್ ಬಂದಾಗ ಕೈ ಮುಟ್ಟುವುದನ್ನು ಬಿಟ್ಟೆವು, ಬಿಡಲೇಬೇಕಿತ್ತು. ಕಾಯಿಲೆ ಹೋದ ಮೇಲೂ ನಮ್ಮಲ್ಲಿ ಕೈಗಳು ವಾಪಸು ಬರಲಿಲ್ಲ. ಈಗ ನಿಂತಲ್ಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ಕೈಮುಗಿದು ಕೂರುತ್ತೇವೆ. ಕೈಮುಗಿಯುವುದು ನಮ್ಮ ನಾಡಿನ ದೊಡ್ಡ ಸಂಸ್ಕಾರ, ಅದರ ಬಗ್ಗೆ ತಕರಾರಿಲ್ಲ. ಆದರೆ ಮಾತು ಬಿಟ್ಟವರ ಕಡೆಗೂ ಅವರ ಮುಖ ನೋಡದೆ ಕೈಮುಗಿಯಬಹುದು. ಅಂಗೈಗೆ ಅಂಗೈ ಕೊಡುವಾಗ ಅದು ಆಗುವುದಿಲ್ಲ.

ಕನ್ನಡದಲ್ಲಿ ಸಮಾಧಾನ ಎಂಬ ಮಾತಿಗೆ ಎಷ್ಟೊಂದು ಅರ್ಥ! ಆರಾಧನೆಯಲ್ಲಿ ಅದು ಶಾಂತಿ. ಸಾವಿನ ಮನೆಯಲ್ಲಿ ಸಾಂತ್ವನ. ಗಣಿತದ ಮೇಷ್ಟ್ರಿಗೆ ಅದು ಪ್ರಶ್ನೆಗೆ ಕೊಡುವ ಉತ್ತರ. ಹಳಬರು ಪ್ರಶ್ನೆಗೆ ಸಮಾಧಾನ ಹೇಳು ಎಂದೇ ಅನ್ನುತ್ತಿದ್ದರು. ಕಮಿಟಿಗಳಲ್ಲಿ ಮಾತ್ರ ಅದಕ್ಕೆ ಇನ್ನೊಂದು ಬಳಕೆ. ನೊಂದವನು ಬಾಯಿ ತೆರೆದರೆ, ಸಮಾಧಾನ ಮಾಡ್ಕೊಳ್ಳಪ್ಪ, ದೇವರ ಆಲಯ ಇದು, ಪ್ರೀತಿಯಿಂದ ಹೋಗೋಣ ಅನ್ನುತ್ತೇವೆ. ಅಂದರೆ ಸುಮ್ಮನಿರು ಎಂದು. ಪ್ರಶ್ನೆ ಕೇಳಿದವನು ಒರಟ, ಪ್ರಶ್ನೆಯನ್ನು ತಡೆದವನು ಸೌಮ್ಯ ಎಂಬ ಲೆಕ್ಕ ನಮ್ಮ ಸಭೆಗಳಲ್ಲಿ ನಡೆದುಬಂದಿದೆ. ಈ ಲೆಕ್ಕ ತಪ್ಪು. ಆ ದಿನ ಅವನು ಕೇಳಿದ್ದೂ ಸಮಾಧಾನವನ್ನೇ. ನಾನು ಕೊಡಲಿಲ್ಲ.

ಹನ್ನೆರಡನೆಯ ವಾರ ಶನಿವಾರ ಸಂಜೆ ಅವನ ಮನೆಗೆ ಹೋದೆ. ಅವನ ತಾಯಿ ಕಾಫಿ ಕೊಟ್ಟರು, ಮಾತಾಡಲಿಲ್ಲ. ಅವನು ರಾತ್ರಿ ಒಂಬತ್ತೂವರೆಗೆ ಬಸ್ಸಿಳಿದು ಬಂದ. ತಪ್ಪಾಯಿತು ಕಣಪ್ಪ ಅಂದೆ. ಅವನು ಬ್ಯಾಗನ್ನು ಮೂಲೆಗಿಟ್ಟು, ಕೂತು, ಬಹಳ ಮೆಲ್ಲಗೆ ಹೇಳಿದ: ‘ಸಾರ್, ನೀವು ಬೈದದ್ದು ಮೈಕಿನಲ್ಲಿ, ನೂರಿಪ್ಪತ್ತು ಜನರ ಮುಂದೆ. ಇಲ್ಲಿ ಕೇಳೋರು ನಾನು, ನಮ್ಮಮ್ಮ ಇಬ್ಬರೇ. ಹೇಳಿದ ಜಾಗದಲ್ಲೇ ಹೇಳಿ.’

ಮಾರನೆಯ ದಿನ ಸಭಾಪಾಲಕರ ಅಪ್ಪಣೆ ಪಡೆದು, ಕಾಣಿಕೆಗೆ ಮೊದಲು ಅದೇ ಮೈಕಿನಲ್ಲಿ ಹೇಳಿದೆ. ಎರಡು ನಿಮಿಷದ ಮಾತು. ಗಂಟಲು ಒಣಗಿತ್ತು. ಇಳಿದು ಅವನ ಬೆಂಚಿಗೆ ಹೋಗಿ ಬಲಗೈ ಚಾಚಿದೆ. ಅವನು ಎರಡೂ ಕೈ ಕೊಟ್ಟ. ಕೂಟ ಬಿಟ್ಟ ಮೇಲೆ ಹಿರಿಯರೊಬ್ಬರು ಅಂಗಳದಲ್ಲಿ ನಿಲ್ಲಿಸಿ, ಕಮಿಟಿಯ ಮರ್ಯಾದೆ ಕಳೆದಿರಿ ಎಂದರು. ಮರ್ಯಾದೆ ಹೋದದ್ದು ವಾರ್ಷಿಕ ಕೂಟದ ದಿನ ಎಂಬ ನನ್ನ ಉತ್ತರವನ್ನು ಅವರು ಇನ್ನೂ ಒಪ್ಪಿಲ್ಲ. ಬಿಲ್ಲುಗಳನ್ನು ಅವನಿಗೆ ತೋರಿಸಿದೆವು. ಲೆಕ್ಕ ಸರಿಯಾಗಿಯೇ ಇತ್ತು. ಸರಿಯಿಲ್ಲದಿದ್ದರೂ ಅವನಿಗೆ ನೋಡುವ ಹಕ್ಕಿತ್ತು.

ಇನ್ನೊಂದು ವಿಷಯವನ್ನೂ ಬರೆಯಬೇಕು. ಅಂದು ಅವನ ಬೆಂಚಿನಿಂದ ತಿರುಗಿದಾಗ ಬಾಗಿಲ ಬಳಿ ನಿಂತಿದ್ದ ನಮ್ಮ ಗುಡಿಸುವ ಅಮ್ಮನ ಕಡೆಗೂ ಕೈ ಚಾಚಿದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಹಿಂದಕ್ಕೆ ಸರಿದರು. ‘ಕೈ ಒದ್ದೆ ಐತೆ ಸಾರ್’ ಎಂದರು. ಬೆಳಿಗ್ಗೆ ಆರಕ್ಕೆ ಬಂದು ಬಾಗಿಲು ತೆಗೆದು, ಪಾರಿವಾಳದ ಹಿಕ್ಕೆ ಒರೆಸಿ, ಗಂಟೆ ಹೊಡೆದು, ಎಲ್ಲರೂ ಒಳಗಾದ ಮೇಲೆ ಬಾಗಿಲಿಗೆ ಒರಗಿ ನಿಲ್ಲುವವರು ಆಕೆ. ಇಪ್ಪತ್ತೆರಡು ವರ್ಷದಿಂದ. ಕೈಕೈ ದಾಟಿ ಬಂದ ಸಮಾಧಾನ ಕೋವಿಡ್‌ಗೂ ಮುಂಚೆಯೇ ಕೊನೆಯ ಬೆಂಚಿನಲ್ಲಿ ನಿಂತುಬಿಡುತ್ತಿತ್ತು. ಅಲ್ಲಿಂದ ಬಾಗಿಲಿಗೆ ನಾಲ್ಕು ಹೆಜ್ಜೆ. ಸಂಬಂಧ ಕುದುರಿಸುವಾಗ ಇಂದಿಗೂ ‘ಯಾವ ಕಡೆಯವರು’ ಎಂದು ಮೆಲ್ಲಗೆ ವಿಚಾರಿಸುವ ಸಭೆಗಳು ನಮ್ಮವು. ಆ ನಾಲ್ಕು ಹೆಜ್ಜೆ ಯಾಕೆ ಇಡಲಿಲ್ಲ ಎಂಬುದು ನಮಗೆ ಚೆನ್ನಾಗಿ ಗೊತ್ತಿದೆ.

ಸುಗ್ಗಿ ಹಬ್ಬದಲ್ಲಿ ತಂದೊಪ್ಪಿಸಿದ ಬೆಳೆಯನ್ನು ಹರಾಜು ಹಾಕುವುದು ವಾಡಿಕೆ. ಕಳೆದ ಸಲ ಒಂದು ಕುಂಬಳಕಾಯಿ ಎರಡು ಮನೆಯವರ ಪೈಪೋಟಿಯಲ್ಲಿ ನಾಲ್ಕು ಸಾವಿರಕ್ಕೆ ಹೋಯಿತು. ಕೊಟ್ಟವರ ಹೆಸರುಗಳನ್ನು ಓದಿ ವಂದಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಬಾಗಿಲ ಬಳಿ ನಿಲ್ಲುವ ಆ ಅಮ್ಮನ ಹೆಸರನ್ನು ನಾವು ಎಂದೂ ಓದಿಲ್ಲ. ನಾವು ಎದುರಾದರೆ ‘ಸ್ತೋತ್ರ’ ಅನ್ನುವ ಜನ. ದೇವರಿಗೆ ಸಲ್ಲಿಸುವ ಕೃತಜ್ಞತೆಯೇ ನಮಗೆ ನಮಸ್ಕಾರದ ಮಾತು. ಅಷ್ಟು ಹತ್ತಿರದ ಪದ ಬಾಯಲ್ಲಿದ್ದೂ ಪಕ್ಕದ ಮನುಷ್ಯರಿಗೆ ಉಪಕಾರವಾಯಿತು ಅನ್ನಲು ನಾಲಿಗೆ ಏಳುವುದಿಲ್ಲ. ಹತ್ತು ಕುಷ್ಠರೋಗಿಗಳು ಗುಣವಾದ ಕಥೆಯಲ್ಲಿ ತಿರುಗಿ ಬಂದವನು ಒಬ್ಬನೇ, ಅವನೂ ಊರವರು ದೂರವಿಟ್ಟಿದ್ದ ಸಮಾರ್ಯದವನು. ಮಿಕ್ಕ ಒಂಬತ್ತು ಮಂದಿಯ ಸಾಲಿನಲ್ಲಿ ನಾವಿದ್ದೇವೆ ಎಂದು ಪ್ರಸಂಗ ಕೇಳುವಾಗ ನಮಗೆ ಅನ್ನಿಸುವುದೇ ಇಲ್ಲ.

ಎಲ್ಲ ಸಭೆಗಳ ಸಭಾಪಾಲಕರಲ್ಲಿ, ಕಮಿಟಿಯವರಲ್ಲಿ ನನ್ನದೊಂದು ಬಿನ್ನಹ. ಮುಂದಿನ ವಾರ್ಷಿಕ ಕೂಟದ ದಿನ ಬಿಲ್ಲುಗಳ ಕಡತವನ್ನು ಯಾರೂ ಕೇಳುವ ಮೊದಲೇ ಬಾಗಿಲ ಬಳಿ ಮೇಜಿನ ಮೇಲಿಡಿ. ಕೂಟವನ್ನು ಕೈಯಿಂದ ಕೈಗೆ ಸಮಾಧಾನ ಕೊಟ್ಟು ಆರಂಭಿಸಿ. ಅದನ್ನು ಪೀಠದ ಪಕ್ಕದಿಂದ ಶುರುಮಾಡಬೇಡಿ. ಅಯ್ಯನವರೇ, ನೀವೇ ಇಳಿದು ಬಾಗಿಲ ತನಕ ನಡೆದು ಬನ್ನಿ. ಅಲ್ಲಿ ನಿಂತವರ ಕೈ ಒದ್ದೆಯಾಗಿದ್ದರೂ ಹಿಡಿಯಿರಿ.